ಮೂರನೇ ಜೊತೆ ಕಾಲುಚೀಲ ಚೆಂಬ್ರದಲ್ಲಿ ಪಾಸ್

ಭಾನುವಾರ ವಯನಾಡಿನ ಚೆಂಬ್ರ ಬೆಟ್ಟದ ಕೆರೆ ದಂಡೆಯಲ್ಲಿ ಶೂ ಬಿಚ್ಚಿದೆವು. ನಾಲ್ಕು ಜನ, ಎಂಟು ಕಾಲು. ಒಂದು ತೊಟ್ಟು ರಕ್ತ ಇಲ್ಲ!

ಬದಿಯಡ್ಕದಿಂದ ಮೆಪ್ಪಾಡಿವರೆಗಿನ ದಾರಿ, ತಾಮರಶ್ಶೇರಿ ಚುರದ (ಘಾಟಿಯ) 9 ತಿರುವು, ಅರಣ್ಯ ಇಲಾಖೆಯ ಟಿಕೆಟ್, ಇದೆಲ್ಲ ಬಿಡಿ. ನಾನು ಹೇಳಬೇಕಾದ್ದು ಉಂಬುಳ, ಅಂದರೆ ರಕ್ತ ಹೀರುವ ಜಿಗಣೆ, ಕಾಲಿಗೆ ಹತ್ತದಂತೆ ಮಾಡಿದ ಕಾಲುಚೀಲದ ಬಗ್ಗೆ.

ಮೊದಲ ಜೊತೆ ಕಾಸರಗೋಡಿನ ರಾಣಿಪುರಂ ಬೆಟ್ಟದಲ್ಲೇ ಸೋತಿತ್ತು. ಮಾಮೂಲಿ ಸಾಕ್ಸನ್ನು ಹೊಗೆಸೊಪ್ಪಿನ ನೀರಲ್ಲಿ ನೆನೆಸಿದ್ದೆ. ಒದ್ದೆ ಹುಲ್ಲಲ್ಲಿ ಸ್ವಲ್ಪ ನಡೆದರೆ ಸಾಕು, ಅದರ ಖಾರವೆಲ್ಲ ತೊಳೆದು ಹೋಗುತ್ತದೆ. ಹೆಣಿಗೆಯ ಕಣ್ಣು ಹಿಗ್ಗುತ್ತದಲ್ವಾ? ಹಸಿದ ಉಂಬುಳ ದಾರದಷ್ಟು ಸಪೂರ. ನುಸುಳಿಬಿಡುತ್ತದೆ.

ಎರಡನೆಯದಕ್ಕೆ ಒತ್ತು ನೇಯ್ಗೆಯ ಬಟ್ಟೆ ಆನ್‌ಲೈನಲ್ಲಿ ತರಿಸಿದೆ. ಫೋಟೋದಲ್ಲಿ ದಪ್ಪ, ಕೈಗೆ ಬಂದಾಗ ಹಳೇ ಬೈರಾಸಿನಷ್ಟು ತೆಳು. ಮಾರಿದವರು ಆಮೇಲೆ ಫೋನೇ ಎತ್ತಲಿಲ್ಲ. ಕೊನೆಗೆ ಪೇಟೆಯಲ್ಲಿ ದಿಂಬು ಹೊಲಿಯುವ ಬಿಳಿ ಬಟ್ಟೆ ಸಿಕ್ಕಿತು. ಬಿಳಿಯೇ ಬೇಕು, ಹತ್ತುವ ಉಂಬುಳ ಕಣ್ಣಿಗೆ ಬೀಳಬೇಕು. ಆದರೂ ಒಳಗೆ ಬಂದವು.

ಎರಡು ವಾರ ತಲೆ ಕೆಡಿಸಿಕೊಂಡೆ. ಒಂದು ರಾತ್ರಿ ಚೀಲದೊಳಗೆ ಮೊಬೈಲ್ ಟಾರ್ಚ್ ಹಾಕಿ, ಕೋಣೆಯ ದೀಪ ಆರಿಸಿದೆ. ಹೊಲಿಗೆಯ ಸಾಲಿನುದ್ದಕ್ಕೂ ಬೆಳಕಿನ ಚುಕ್ಕಿಗಳು! ನಡೆಯುವಾಗ ಎಳೆತ ಬೀಳುವ ಹಿಮ್ಮಡಿಯಲ್ಲಿ ಚುಕ್ಕಿ ಇನ್ನೂ ದೊಡ್ಡದು.

ಮೂರನೇ ಜೊತೆಯಲ್ಲಿ ಹಿಮ್ಮಡಿಗೆ ಹೊಲಿಗೆಯೇ ಇಲ್ಲ, ಬಟ್ಟೆ ಅಲ್ಲಿ ಅಖಂಡ. ಜೋಡಣೆಯನ್ನು ಮುಂದಕ್ಕೆ ತಂದೆ. ಅಂಚು ಒಳಗೆ ಮಡಚಿ, ಎರಡು ಸಲ ಸಣ್ಣ ಹೊಲಿಗೆ ಹಾಕಿದೆ. ಮೊಣಕಾಲ ಕೆಳಗೆ ಇಲಾಸ್ಟಿಕ್ ಬದಲು ಲಾಡಿ. ನಾಲ್ವರಿಗೂ ಇದೇ ಮಾದರಿ.

ಚೆಂಬ್ರದಲ್ಲಿ ಟೀ ತೋಟ ದಾಟಿ ಹುಲ್ಲು ಶುರುವಾದ ಕೂಡಲೇ ಹತ್ತಿಕೊಂಡವು. ಒಂದು ನನ್ನ ಹೊಲಿಗೆಯ ಮೇಲೆಯೇ ಬಂದು ನಿಂತಿತು. ಬಾಲ ಊರಿ, ತಲೆ ಎತ್ತಿ, ಎಡಕ್ಕೆ ತಡಕಿತು, ಬಲಕ್ಕೆ ತಡಕಿತು. ನಾವು ನಾಲ್ವರೂ ಬಗ್ಗಿ ನೋಡುತ್ತಿದ್ದೆವು. ಸಂದು ಸಿಗಲಿಲ್ಲ. ಮೇಲಕ್ಕೆ ಹೊರಟಿತು, ಬೆರಳಲ್ಲಿ ಚಿಮ್ಮಿದೆ. "ಭಾವಾ, ಇನ್ನು ಟೈಲರ್ ಬೋರ್ಡು ಹಾಕಿ!" ಎಂದು ಹಿಂದಿನಿಂದ ಬೊಬ್ಬೆ.

2,100 ಮೀಟರಿನ ಬೆಟ್ಟದ ಮಗ್ಗುಲಲ್ಲಿ ಹೃದಯದಾಕಾರದ ಆ ಕೆರೆ. ಮಂಜು ಸರಿದಾಗ ಪೂರ್ತಿ ಕಂಡಿತು, ಯಾರೂ ಮಾತಾಡಲಿಲ್ಲ. ಅಲ್ಲಿಂದ ಮೇಲೆ ಬಿಡುವುದಿಲ್ಲ. ಅಲ್ಲೇ ಕೂತು ಅವಲಕ್ಕಿ ತಿಂದೆವು.

ಲಾಡಿ ಒದ್ದೆಯಾಗಿ ಬಿಗಿದು ಕಾಲಲ್ಲಿ ಬರೆ ಬಿದ್ದಿದೆ, ಅದನ್ನು ಅಗಲ ಮಾಡಬೇಕು. ಒದ್ದೆ ಕಲ್ಲಿನ ಮೇಲೆ ಕೂತಾಗ ಇನ್ನೊಂದು ಹೊಳೆಯಿತು: ಅಡಿಕೆ ಹಾಳೆಯಿಂದ ಮಡಚುವ ಮಣೆ. ಬ್ಯಾಗಲ್ಲಿ ಭಾರವೇ ಇರುವುದಿಲ್ಲ. ತೋಟದಿಂದ ಆರಿಸಿ ತಂದ ನಾಲ್ಕು ಹಾಳೆ ಈಗ ಬಾಲ್ದಿಯಲ್ಲಿ ನೆನೆಯುತ್ತಿವೆ.