ಜಯಮಂಗಲಿ ದಂಡೆಯ ಎರಡನೇ ಮೆಟ್ಟಿಲು: ಕೊನೆಗೂ ಮರಳು ಬಾಯಿ ಬಿಟ್ಟಿತು

ಎರಡನೇ ಮೆಟ್ಟಿಲಿನಲ್ಲಿ ಮಣ್ಣು ನೋಡಲು ತೋಡಿದ ಗುಂಡಿಯ ವ್ಯಾಜ್ಯ ತೀರ್ಮಾನವಾಯಿತು. ಕೆಳಗಿನ ಪದರದಲ್ಲಿ ಜೇಡಿ ಹೆಚ್ಚಿದ್ದು ಮೇಲಿನಿಂದ ಇಳಿದು ಬಂದೋ, ಹೊಳೆಯೇ ತಂದು ಹಾಕಿದ್ದೋ ಎಂಬುದು ನನಗೂ ಒಬ್ಬ ಗೆಳೆಯನಿಗೂ ಇದ್ದ ಜಗಳ. ತೀರ್ಪು ಕೊಟ್ಟದ್ದು ಜರಡಿ. ಜೇಡಿ ಅಳೆಯುವ ಹೈಡ್ರೋಮೀಟರ್ ಮಾತ್ರ ಇಷ್ಟು ದಿನ ಎರಡೂ ಪಕ್ಷದ ಪರವಾಗಿ ಸಾಕ್ಷಿ ಹೇಳಿಕೊಂಡು ಓಡಾಡುತ್ತಿತ್ತು.

ಹಿಂದಿನ ಕಂತು ಓದದವರಿಗೆ ಎರಡು ಮಾತು. ಜಾಗ ಮಧುಗಿರಿ ತಾಲ್ಲೂಕಿನ ಕೊಡಿಗೇನಹಳ್ಳಿ ಕಡೆಯ ಜಯಮಂಗಲಿ ದಂಡೆ, ಮೈದನಹಳ್ಳಿಯ ಕೃಷ್ಣಮೃಗಗಳನ್ನು ನೋಡಲು ಹೋಗುವವರು ಕಾರು ನಿಲ್ಲಿಸದೆ ದಾಟಿಬಿಡುವ ಪ್ರದೇಶ. ಹೊಳೆಯ ಮರಳಿನಿಂದ ಮೇಲಕ್ಕೆ ಹತ್ತಿದರೆ ಮೂರು ಮಟ್ಟ ಸಿಗುತ್ತವೆ. ಎತ್ತರ ಅಳೆದದ್ದು ಗಾರೆ ಕೆಲಸದವರ ನೀರಿನ ಪೈಪಿನಿಂದ. ಅದಕ್ಕಿಂತ ನಂಬಿಕಸ್ಥ ಸಾಧನ ಬೇಕಿಲ್ಲ. ಮೊದಲ ಮೆಟ್ಟಿಲು ಹೊಳೆಯ ತಳದಿಂದ ಆಳೆತ್ತರವೂ ಇಲ್ಲ. ಅಲ್ಲಿ ಮರಳು, ರೇವೆ (ಮರಳಿಗಿಂತ ಸಣ್ಣ, ಜೇಡಿಗಿಂತ ದಪ್ಪ ಕಣ), ಮತ್ತೆ ಮರಳು, ನಡುವೆ ಹೂತುಹೋದ ಕಪ್ಪು ಪದರ. ಸಾವಯವ ಇಂಗಾಲ ಆಳಕ್ಕೆ ಹೋದಂತೆ ಸರಾಗವಾಗಿ ಕಡಿಮೆಯಾಗದೆ ಏರಿಳಿಯುತ್ತದೆ. ಅಸ್ಟಿಫ್ಲುವೆಂಟ್, ಅಂದರೆ ಹೊಳೆ ಹೂಳಿನ ಎಳೆಯ ಮಣ್ಣು, ಎಂದು ಬರೆದು ಕೈ ತೊಳೆದುಕೊಂಡೆ. ಮೂರನೆಯದು ಊರಿನ ಕೆಮ್ಮಣ್ಣು, ವಿಜಯಪುರ, ತ್ಯಾಮಗೊಂಡ್ಲು ಎಂಬ ಹೆಸರಿನ ಮಣ್ಣು ಸರಣಿಗಳ ನೆಂಟ. ಅದರಲ್ಲೂ ತಕರಾರಿಲ್ಲ. ತಲೆ ತಿಂದದ್ದು ನಡುವಿನದು.

ನಡುವಿನ ಮೆಟ್ಟಿಲು ಹೊಳೆಯ ತಳದಿಂದ ಸುಮಾರು 4 ಮೀಟರ್ ಮೇಲಿದೆ. ಮೇಲಿನ 18 ಸೆಂಟಿಮೀಟರ್ ಉಳುಮೆಯ ಪದರದಲ್ಲಿ ಜೇಡಿ ಶೇ 16. ಅಲ್ಲಿಂದ 42ರವರೆಗೆ ಶೇ 18. 42ರಿಂದ 78ರವರೆಗೆ ಇದ್ದಕ್ಕಿದ್ದಂತೆ ಶೇ 27. 78ರಿಂದ 120ರವರೆಗೆ ಶೇ 29. ಅದರ ಕೆಳಗೆ ಗರಸು ಬೆರೆತ ದಪ್ಪ ಮರಳು. ಮಣ್ಣಿಗೆ ಹೆಸರಿಡುವ ಅಮೆರಿಕದ ಪದ್ಧತಿ ಸಾಯಿಲ್ ಟ್ಯಾಕ್ಸಾನಮಿ ಬಲ್ಲವರು ಆಗಲೇ ಮನಸ್ಸಿನಲ್ಲಿ ಗುಣಿಸಿರುತ್ತೀರಿ: ಮೇಲಿನ ಪದರದ ಜೇಡಿ ಶೇ 15ರಿಂದ 40ರ ನಡುವೆ ಇದ್ದರೆ ಕೆಳಗಿನದು ಅದರ 1.2 ಪಟ್ಟು ಇರಬೇಕು. 18ಕ್ಕೆ 21.6 ಸಾಕು, ನಮ್ಮಲ್ಲಿ 27 ಇದೆ. ಮೇಲಿನಿಂದ ಇಳಿದ ಜೇಡಿ ಸೇರಿದ ಆರ್ಜಿಲಿಕ್ ಪದರ, ಅದಿರುವ ಮಣ್ಣು ಆಲ್ಫಿಸಾಲ್, ಊಟಕ್ಕೆ ಏಳೋಣ ಅನ್ನುವಷ್ಟರಲ್ಲಿ ಕೋಲಾರದ ಗೆಳೆಯನ ಫೋನು.

‘ಹೊಳೆ ದಂಡೇಲಿ ಕೂತು ಆಲ್ಫಿಸಾಲ್ ಅಂತೀಯಲ್ಲೋ ಮಾರಾಯ. ಒಂದು ಪ್ರವಾಹ ಜೇಡಿ ತಂದು ಹಾಕಿತು, ಇನ್ನೊಂದು ಮರಳು ತಂದು ಹಾಕಿತು. ಅದಕ್ಕೆ ಬಿಟಿ ಅಂತ ಹೆಸರಿಟ್ಟು ನಾಮಕರಣ ಮಾಡ್ತೀಯಾ?’

ಬಿಟಿ ಎಂದರೆ ಇಳಿದ ಜೇಡಿ ಸೇರಿದ ಪದರದ ಸಂಕೇತ. ಅವನ ಮಾತು ತೆಗೆದುಹಾಕುವಂಥದ್ದಲ್ಲ. ಜೇಡಿ ಹೆಚ್ಚಲು ದಾರಿ ಮೂರಿವೆ. ಮಳೆ ನೀರಿನ ಜೊತೆ ಮೇಲಿನಿಂದ ಸಾವಿರಾರು ವರ್ಷ ಇಳಿದು ಕೆಳಗೆ ಸೇರಿರಬಹುದು. ಹೊಳೆಯೇ ಜೇಡಿ ಹೆಚ್ಚಿದ್ದ ಹೂಳನ್ನು ಮೊದಲು ಹರಡಿ, ಆಮೇಲೆ ಮರಳು ಮುಚ್ಚಿರಬಹುದು. ಇಲ್ಲವೇ ಫೆಲ್ಡ್‌ಸ್ಪಾರ್ ಇದ್ದಲ್ಲೇ ಕೊಳೆತು ಜೇಡಿಯಾಗಿರಬಹುದು. ಸುತ್ತ ಇರುವುದು ಕ್ಲೋಸ್‌ಪೇಟ್ ಗ್ರಾನೈಟ್, ಫೆಲ್ಡ್‌ಸ್ಪಾರಿಗೆ ಬರವಿಲ್ಲ. ಆರ್ಜಿಲಿಕ್ ಅನ್ನಿಸಿಕೊಳ್ಳುವುದು ಮೊದಲ ದಾರಿಯಲ್ಲಿ ಬಂದದ್ದು ಮಾತ್ರ. ಶೇಕಡಾವಾರು ಪಟ್ಟಿಯನ್ನು ದಿಟ್ಟಿಸಿ ಕೂತರೆ ಮೂರೂ ಒಂದೇ ಥರ ಕಾಣುತ್ತವೆ.

ಗುಂಡಿಯ ಗೋಡೆಯಲ್ಲೇ ಉತ್ತರ ಸಿಗಬೇಕಿತ್ತು. ಜೇಡಿ ಇಳಿದಿದ್ದರೆ ಹೆಂಟೆಯ ಮೈಮೇಲೆ, ರಂಧ್ರದ ಒಳಗೆ ಜೇಡಿ ಪೊರೆ ಇರುತ್ತದೆ, ಮುದ್ದೆಗೆ ತುಪ್ಪ ಸವರಿದ ಹಾಗೆ. ಹತ್ತು ಪಟ್ಟಿನ ಲೆನ್ಸ್ ಹಿಡಿದರೆ ಎಲ್ಲೆಲ್ಲೂ ಹೊಳಪೇ ಹೊಳಪು. ಸಮಸ್ಯೆಯೂ ಅದೇ. ಗ್ರಾನೈಟು, ನೈಸು ಕೊರೆದು ತಂದ ಮಣ್ಣಿನಲ್ಲಿ ಕಾಗೆಬಂಗಾರದ ಚೂರು ಹೇರಳ. ಜೇಡಿ ಪೊರೆ ಯಾವುದು, ಅಭ್ರಕ ಯಾವುದು? ಬಿಸಿಲಿಗೆ ಹೆಂಟೆಯನ್ನು ತಿರುಗಿಸುತ್ತ ನೋಡಿದರೆ ಅಭ್ರಕ ಒಂದೇ ಕೋನದಲ್ಲಿ ಪಳಕ್ಕನೆ ಮಿಂಚಿ ಆರುತ್ತದೆ. ಪೊರೆಯ ಹೊಳಪು ಮಂದ, ಕೋನ ಬದಲಿಸಿದರೂ ಉಳಿಯುತ್ತದೆ, ಅಂಚಿಲ್ಲದೆ ಹಬ್ಬಿರುತ್ತದೆ. ಇದಕ್ಕಿಂತ ಒಳ್ಳೆಯ ಗುರುತು ಮರಳಿನ ಕಾಳುಗಳ ನಡುವಿನ ಸೇತುವೆ: ಎರಡು ಕಾಳಿನ ನಡುವೆ ಜೇಡಿ ಕಮಾನು ಕಟ್ಟಿದ್ದರೆ ಅದನ್ನು ಅಭ್ರಕ ಮಾಡಲಾರದು. 42ರ ಕೆಳಗೆ ಅಂಥ ಸೇತುವೆಗಳು ಕಂಡವು. 30 ಸೆಂಟಿಮೀಟರಿನಲ್ಲಿ ಕಾಣಲಿಲ್ಲ. ಫೋಟೋ ಕಳಿಸಿದೆ. ‘ಲೆನ್ಸಲ್ಲಿ ನೋಡಿದರೆ ನನ್ನ ಅಂಗೈಯಲ್ಲೂ ಆರ್ಜಿಲಿಕ್ ಕಾಣತ್ತೆ’ ಅಂತ ಉತ್ತರ ಬಂತು.

ಇನ್ನು ಹೈಡ್ರೋಮೀಟರ್ ಪುರಾಣ. ಇದು ನಿಮಗೆಲ್ಲ ಗೊತ್ತಿರುವ ಬಾಯ್‌ಕಸ್ ವಿಧಾನ (ಮಣ್ಣು ಕಲಕಿದ ನೀರಿನಲ್ಲಿ ಹೈಡ್ರೋಮೀಟರ್ ತೇಲಿಬಿಟ್ಟು, ತಳ ಸೇರದೆ ಉಳಿದ ಮಣ್ಣನ್ನು ಓದುವುದು), ಹಂತ ಹಂತವಾಗಿ ಬರೆಯುವುದಿಲ್ಲ. ಆದರೆ ನಮ್ಮ ಕಡೆ ಬೇಸಿಗೆಯಲ್ಲಿ ಮಾಡುವವರಿಗೆ ಒಂದು ಎಚ್ಚರಿಕೆ. ಉಪಕರಣ 20 ಡಿಗ್ರಿಗೆ ಹೊಂದಿಸಿದ್ದು. ನನ್ನ ಹಿತ್ತಿಲ ಕೋಣೆಯಲ್ಲಿ ಬಕೆಟ್ಟಿನ ನೀರೇ 32. ಡಿಗ್ರಿಗೆ 0.36 ಗ್ರಾಮಿನಂತೆ ಲೀಟರಿಗೆ 4.3 ಗ್ರಾಮಿನ ವ್ಯತ್ಯಾಸ. ತೂಕ ಹಾಕಿದ ಮಣ್ಣು 50 ಗ್ರಾಂ ಇದ್ದರೆ ಅದು ಶೇ 8.6 ಆಯಿತು. ನಾವು ಜಗಳ ಆಡುತ್ತಿರುವುದೇ ಶೇ 9ರ ಅಂತರಕ್ಕೆ! ಮಣ್ಣಿಲ್ಲದ ಖಾಲಿ ಸಿಲಿಂಡರಿನಲ್ಲೂ ಅದೇ ದ್ರಾವಣ ತುಂಬಿ, ಅದೇ ಹೊತ್ತಿಗೆ ಓದಿ ಕಳೆದುಬಿಟ್ಟರೆ ಈ ರಗಳೆ ಇಲ್ಲ. ಎರಡು ಗಂಟೆಯ ಓದನ್ನೂ ನಾನು ನಂಬುವುದಿಲ್ಲ, ಸಣ್ಣ ರೇವೆಯನ್ನು ಅದು ಜೇಡಿಯ ಲೆಕ್ಕಕ್ಕೆ ಸೇರಿಸುತ್ತದೆ. ಬೆಳಿಗ್ಗೆ ಅಲ್ಲಾಡಿಸಿಟ್ಟು ಮಧ್ಯಾಹ್ನ ಊಟ ಮುಗಿಸಿ ಓದುವುದೇ ಸರಿ.

ಜೇಡಿ ಕಣಗಳನ್ನು ನೀರಿನಲ್ಲಿ ಬಿಡಿಬಿಡಿ ಮಾಡುವ ಪುಡಿಯದು ಬೇರೆ ಕಥೆ. ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ಎಂದು ಅಕ್ಷರ ಬಿಡಿಸಿ ಬರೆದು ಕಳಿಸಿದರೆ, ಅಂಗಡಿಯವರು ವಾಷಿಂಗ್ ಮೆಷಿನ್ನಿನ ಗಡಸು ನೀರಿಗೆ ಹಾಕುವ ಪುಡಿ ಕಳಿಸಿದರು. ‘ಎಲ್ಲಾ ಒಂದೇ ಸಾರ್, ಕಾಲೇಜಿನವರೂ ಇದನ್ನೇ ತಗೊಳ್ಳೋದು.’ ಒಂದೇ ಅಲ್ಲ. ಡಬ್ಬದ ಮೇಲೆ ಬರೆದ ಪದಾರ್ಥಗಳಲ್ಲಿ ಫಾಸ್ಫೇಟಿನ ಹೆಸರೇ ಇಲ್ಲ. ಅದನ್ನು ಹಾಕಿದ ಸಿಲಿಂಡರಿನಲ್ಲಿ ಜೇಡಿ ಹಿಂಜಿದ ಹತ್ತಿಯಾಗಿ ಕಾಲು ಗಂಟೆಗೆಲ್ಲ ತಳ ಸೇರಿತು. ವಾಪಸು ತಗೊಳ್ಳಿ ಅಂದರೆ ಸೀಲು ಒಡೆದಿದೆಯಂತೆ. ಸೀಲು ಒಡೆಯದೆ ಪುಡಿ ನೋಡುವ ವಿದ್ಯೆಯನ್ನು ಅವರೇ ಕಲಿಸಬೇಕು.

ಜರಡಿ ಕೊಡುವವರು ಇವರಿಗಿಂತ ಒಂದು ಕೈ ಮೇಲು. ‘10 ಮೆಶ್’ (ಅಂಗುಲಕ್ಕೆ ಎಷ್ಟು ಕಣ್ಣು ಎಂಬ ಲೆಕ್ಕ) ಎಂದು ಕೇಳಿದರೆ ಬಂದದ್ದು ಬ್ರಿಟಿಷ್ ಅಳತೆಯ 10, ಅಂದರೆ 1.7 ಮಿಲಿಮೀಟರ್. ನಮಗೆ ಬೇಕಾದ 2 ಮಿಲಿಮೀಟರ್ ಎಂದರೆ ಅಮೆರಿಕದ 10, ಬ್ರಿಟಿಷ್ 8. ಹದಿನೆಂಟರಲ್ಲೂ ಇದೇ ಗೋಳು: ಒಂದರಲ್ಲಿ 1 ಮಿಲಿಮೀಟರ್, ಇನ್ನೊಂದರಲ್ಲಿ 0.85. ದಯವಿಟ್ಟು ಮೆಶ್ ಸಂಖ್ಯೆ ಹೇಳಲೇಬೇಡಿ. ಭಾರತೀಯ ಮಾನಕ ಐಎಸ್ 460 ಇರುವುದೇ ಜರಡಿ ಕಣ್ಣಿನ ಅಳತೆಯನ್ನು ಮಿಲಿಮೀಟರು, ಮೈಕ್ರಾನಿನಲ್ಲಿ ಹೇಳುವುದಕ್ಕೆ. ಮರಳನ್ನೂ ರೇವೆಯನ್ನೂ ಬೇರೆ ಮಾಡುವ ಜರಡಿಗೆ ‘53 ಮೈಕ್ರಾನ್’ ಅಂತ ಬರೆಸಿ, ರಸೀದಿಯಲ್ಲೂ ಹಾಗೇ ಬರೆಸಿಕೊಳ್ಳಿ.

ಸರಿಯಾದ ಜರಡಿಗಳು ಬಂದ ಮೇಲೆ ಕೆಲಸ ಒಂದು ಭಾನುವಾರದ್ದು. ಯೋಚನೆ ಸರಳ. ನೀರು ಜೇಡಿಯನ್ನು ರಂಧ್ರಗಳಲ್ಲಿ ಇಳಿಸಬಲ್ಲದು. ಅರ್ಧ ಮಿಲಿಮೀಟರಿನ ಮರಳನ್ನು ಇಳಿಸಲಾರದು. ಹಾಗಾಗಿ ಮರಳು ಹೊಳೆ ಹಾಕಿದಲ್ಲೇ ಕೂತಿರುತ್ತದೆ, ಯಾವ ಪ್ರವಾಹದ ಹೂಳು ಎಂಬ ರುಜು ಅದರಲ್ಲಿದೆ. ಜೇಡಿಯನ್ನು ಲೆಕ್ಕದಿಂದಲೇ ಕಿತ್ತುಹಾಕಿ, ಉಳಿದ ಮರಳು ಮತ್ತು ರೇವೆಯನ್ನು ಸೇರಿಸಿ 100 ಎಂದು ಹಿಡಿದು, ಅದರಲ್ಲಿ ರೇವೆ ಎಷ್ಟು ಎಂದು ನೋಡಬೇಕು. ಮೇಲಿನ ಪದರದಲ್ಲಿ 17. ಎರಡನೆಯದರಲ್ಲಿ 17. ಮೂರನೆಯದರಲ್ಲಿ, ಅಂದರೆ ಜೇಡಿ ಜಿಗಿದ ಪದರದಲ್ಲಿ, 18. ನಾಲ್ಕನೆಯದರಲ್ಲಿ 34!

ನುಣ್ಣನೆ ಮರಳಿಗೂ ದಪ್ಪ ಮರಳಿಗೂ ಇರುವ ಅನುಪಾತವೂ ಇದೇ ತಾಳಕ್ಕೆ ಕುಣಿಯಿತು: ಮೇಲಿನ ಮೂರರಲ್ಲಿ 0.8, 0.8, 0.9, ನಾಲ್ಕನೆಯದರಲ್ಲಿ 2.3.

ಒಡಕು ಇರುವುದು 78ರಲ್ಲಿ. ನಾವಿಬ್ಬರೂ ಕಿತ್ತಾಡಿದ್ದು 42ರ ಬಗ್ಗೆ. ಜೇಡಿ ಶೇ 18ರಿಂದ 27ಕ್ಕೆ ಜಿಗಿದ ಜಾಗದಲ್ಲಿ ಹೂಳು ಬದಲಾಗಿಲ್ಲ, ಮೇಲೂ ಕೆಳಗೂ ಒಂದೇ ಮರಳು. ಜೇಡಿ 27ರಿಂದ 29ಕ್ಕೆ ಸದ್ದಿಲ್ಲದೆ ದಾಟಿದ ಜಾಗದಲ್ಲಿ ಹೊಳೆಯೇ ಬೇರೆ ಹೂಳು ತಂದಿತ್ತು. ಅಲ್ಲಿ ಒಡಕಿರಬಹುದೆಂದು ಬಣ್ಣವೂ ಹೇಳಿರಲಿಲ್ಲ, ಮಣ್ಣಿನ ಬಣ್ಣ ಹೋಲಿಸುವ ಮನ್ಸೆಲ್ ಪುಸ್ತಕದ ಪುಟದಲ್ಲಿ ಎರಡೂ 5 ವೈಆರ್ 4/4, ಕೆಂಪು ಕಂದು.

ಫೆಲ್ಡ್‌ಸ್ಪಾರ್ ಕೊಳೆತು ಜೇಡಿಯಾಗಿರಬಹುದು ಎಂಬ ಮೂರನೇ ದಾರಿ ಇನ್ನೂ ಬಾಕಿ. ದಪ್ಪ ಮರಳಿನ ಕಾಳುಗಳೇ ಕೊಳೆತಿದ್ದರೆ ದಪ್ಪ ಮರಳು ಕಡಿಮೆಯಾಗಿ ಅನುಪಾತ 42ರಲ್ಲೇ ಅಲುಗಬೇಕಿತ್ತು. ಅದು ಹೆಚ್ಚು ಕಡಿಮೆ ನಿಂತಲ್ಲೇ ನಿಂತಿದೆ. ಜೊತೆಗೆ ಜೇಡಿ ಸೇತುವೆಗಳ ಸಾಕ್ಷಿ. ಹಾಗಾಗಿ ಉಳುಮೆಯ ಪದರ ಎಪಿ, ಆಮೇಲೆ ನಡುಸಂಧಿಯ ಬಿಎ, ಬಿಟಿ, 2ಬಿಟಿ, ಕೊನೆಗೆ ತಳದ ಮರಳು 3ಸಿ ಎಂದು ಬರೆದೆ; ಮುಂದಿನ ಅಂಕಿ ಬಂತೆಂದರೆ ಅಲ್ಲಿಂದ ಹೂಳು ಬೇರೆ. ಆ 2 ಮತ್ತು 3 ಎಂಬ ಅಂಕಿಗಳನ್ನು ಬರೆಯುವಾಗ ಆದ ಖುಷಿಯನ್ನು ಮನೆಯವರಿಗೆ ವಿವರಿಸಲು ಹೋಗಿ ಬೈಸಿಕೊಂಡೆ. ಅಷ್ಟು ಹೊತ್ತಿಗೆ ಬಚ್ಚಲಿನ ಬಕೆಟ್ಟುಗಳೆಲ್ಲ ಕೆಸರಾಗಿದ್ದವು.

ಹೆಸರಿಗೆ ಬರೋಣ. ಪಿಎಚ್ 7.2, ತಳದಲ್ಲಿ ಆಮ್ಲ ಹಾಕಿದರೆ ಅಲ್ಲಲ್ಲಿ ನೊರೆ. ಹುಳಿ ಮಣ್ಣಿನ ಗುಂಪಾದ ಅಲ್ಟಿಸಾಲ್ ಆಗುವ ಮಾತಿಲ್ಲ. ಕಡುಗೆಂಪು ಮಣ್ಣಿಗೆ ಹಚ್ಚುವ ‘ರೋಡ್’ ಅನ್ನಿಸಿಕೊಳ್ಳುವಷ್ಟು ಕೆಂಪಿಲ್ಲ, ಅದಕ್ಕೆ 2.5 ವೈಆರ್ ಬೇಕು. ಆಳದವರೆಗೂ ಜೇಡಿ ಉಳಿಸಿಕೊಂಡ ಹಳೆಯ ಮಣ್ಣಿನ ‘ಪೇಲಿ’ ಅನ್ನೋಣವೆಂದರೆ 120ರ ಕೆಳಗೆ ಜೇಡಿ ಶೇ 9ಕ್ಕೆ ಕುಸಿಯುತ್ತದೆ. ಉಳಿದದ್ದು ಹ್ಯಾಪ್ಲಸ್ಟಾಲ್ಫ್, ಅಂದರೆ ಒಣ ಸೀಮೆಯ ಸಾಮಾನ್ಯ ಆಲ್ಫಿಸಾಲ್. ಉಪಗುಂಪಿಗೆ ಕ್ಯಾಟಯಾನ್ ವಿನಿಮಯ ಸಾಮರ್ಥ್ಯದ (ಮಣ್ಣು ಪೋಷಕಾಂಶ ಹಿಡಿದಿಡುವ ಶಕ್ತಿಯ) ಅಂಕಿ ಬೇಕು, ಅದು ಹಿತ್ತಿಲಲ್ಲಿ ಆಗುವ ಕೆಲಸವಲ್ಲ, ಲ್ಯಾಬಿಗೆ ಕೊಡಬೇಕು. ಹೊಳೆ ತಂದು ಹಾಕಿದ ಮಣ್ಣಿನ ಹೆಸರಿನಲ್ಲಿ ಹೊಳೆಯ ಸುಳಿವೇ ಉಳಿಯಲಿಲ್ಲ ಎಂಬುದು ಮಾತ್ರ ನನಗೆ ಸ್ವಲ್ಪ ಬೇಜಾರು. ಕೋಲಾರದವನು ‘2ಬಿಟಿಯಲ್ಲಿ ನಾನು ಗೆದ್ದೆ’ ಎಂದು ಮೆಸೇಜ್ ಹಾಕಿದ್ದಾನೆ. ಹಾಕಲಿ.

ಗುಂಡಿಯ ವಿಷಯ. ಜಯಮಂಗಲಿ ದಂಡೆಯಲ್ಲಿ ಹಾರೆ, ಸನಿಕೆ, ಜರಡಿ ಹಿಡಿದು ನಿಂತರೆ ಜನ ಎರಡರಲ್ಲಿ ಒಂದು ಅಂದುಕೊಳ್ಳುತ್ತಾರೆ: ನಿಧಿ, ಇಲ್ಲವೇ ಮರಳು ದಂಧೆ. ಹೊಲದ ಗೌಡರು ನಾನು ಮಣ್ಣನ್ನು ಹಲ್ಲಿನ ನಡುವೆ ಕಡಿದು ರೇವೆ ಪರೀಕ್ಷೆ ಮಾಡುವುದನ್ನು ನೋಡಿದ ದಿನದಿಂದ ಎರಡೂ ಅನುಮಾನ ಬಿಟ್ಟರು. ‘ಮನೇಲಿ ಇಟ್ಟು ಆಗಿಲ್ವಾ ಸಾ?’ ಅಂತ ಕೇಳಿದರು ಪಾಪ. ಗುಂಡಿಯನ್ನು ಅವರು ತೆಂಗಿನ ಸಸಿಗೆ ಉಳಿಸಿಕೊಂಡಿದ್ದಾರೆ, ಅರ್ಧ ಮುಚ್ಚುವ ಕೆಲಸ ನನ್ನದು.

ಅವರು ಹೇಳಿದ ಇನ್ನೊಂದು ವಿಷಯ ನನ್ನನ್ನು ಮತ್ತೆ ಆ ಗೋಡೆಗೆ ಎಳೆಯಿತು. ಅವರ ಅಪ್ಪನ ಕಾಲದಲ್ಲಿ ಈ ದಂಡೆಯ ಕೆಳಗೇ ತಲಪರಿಗೆ ಇತ್ತಂತೆ, ಮರಳು ಕೆದಕಿದರೆ ಒರತೆ ಎದ್ದು ಕಾಲುವೆಯಲ್ಲಿ ಗದ್ದೆಗೆ ಹರಿಯುತ್ತಿತ್ತಂತೆ. 3ಸಿಯ ಮೇಲಂಚಿನಲ್ಲಿ ಕಿತ್ತಳೆ ಚುಕ್ಕೆಗಳಿವೆ, ಕಬ್ಬಿಣದವು. ನೀರು ಈಗಲೂ ಏರಿಳಿಯುವ ಕಡೆ ಚುಕ್ಕೆಯ ಅಂಚು ಮಸುಕಾಗಿ ಹರಡಿರುತ್ತದೆ; ಇಲ್ಲಿ ಕತ್ತರಿಸಿದಷ್ಟು ಚೂಪು. ಹಳೆಯ ನೀರಿನ ಕಲೆ, ಈಗಿನದ್ದಲ್ಲ. ಹೆಸರು ಕೊಡುವಾಗ ಇದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ, ಆದರೂ ವಿವರಣೆಯಲ್ಲಿ ಇಡೀ ಒಂದು ಪ್ಯಾರಾ ಬರೆದಿದ್ದೇನೆ. ಮಧುಗಿರಿ, ಕೊರಟಗೆರೆ, ಪಾವಗಡ, ಶಿರಾದಲ್ಲಿ ಉಳಿದಿರುವ ತಲಪರಿಗೆಗಳ ಪಕ್ಕದ ದಂಡೆಗಳನ್ನು ಹೀಗೆ ನೋಡಿಕೊಂಡು ಬಂದರೆ ಹೇಗೆ ಎಂಬ ಹುಳ ತಲೆಯಲ್ಲಿ ಹೊಕ್ಕಿದೆ. ಅದು ಮುಂದಿನದರ ಮುಂದಿನದು.

ಮುಂದಿನದು ತೆಳುಪದರ, ಅಂದರೆ ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜಿದ ಮಣ್ಣಿನ ಬಿಲ್ಲೆ. ಕೋಲಾರದವನ ಬಾಯಿ ಪೂರ್ತಿ ಮುಚ್ಚಿಸಲು ಬಿಟಿ ಹೆಂಟೆಯನ್ನು ಎಪಾಕ್ಸಿಯಲ್ಲಿ ನೆನೆಸಿ, ಗಾಜಿಗೆ ಅಂಟಿಸಿ, 30 ಮೈಕ್ರಾನಿಗೆ ಉಜ್ಜಬೇಕು. ದಪ್ಪ ಸರಿಯಾಯಿತೇ ಎಂದು ಅಳೆಯಲು ಸಾಧನ ಬೇಡ: ಒಂದಕ್ಕೊಂದು ಅಡ್ಡಲಾಗಿಟ್ಟ ಎರಡು ಪೋಲರಾಯ್ಡ್ ಹಾಳೆಗಳ ನಡುವೆ ಕ್ವಾರ್ಟ್ಸ್ ಕಾಳು ಬೂದು-ಬಿಳಿ ಕಂಡರೆ ಸಾಕು, ಹಳದಿ ಕಂಡರೆ ಇನ್ನೂ ಉಜ್ಜಬೇಕು. ಪೋಲರಾಯ್ಡ್ ಹಾಳೆಯನ್ನು ಗುಜರಿಯಲ್ಲಿ ಸಿಕ್ಕ ಲ್ಯಾಪ್‌ಟಾಪ್ ಪರದೆಯಿಂದ ಆಗಲೇ ಸುಲಿದಿಟ್ಟಿದ್ದೇನೆ. ಒಂದೇ ದಿಕ್ಕಿಗೆ ಒರಗಿದ ಜೇಡಿ ತೆಳುಪದರದ ಶೇ 1ರಷ್ಟಾದರೂ ಸಿಕ್ಕರೆ ಟ್ಯಾಕ್ಸಾನಮಿಯೇ ಅದನ್ನು ಸಾಕ್ಷಿ ಎಂದು ಒಪ್ಪುತ್ತದೆ. ಅಡ್ಡಿ ಇರುವುದು ಎಪಾಕ್ಸಿಯದು. ತುಮಕೂರಿನ ಅಂಗಡಿಗಳಲ್ಲಿ ಸಿಗುವುದು ಐದು ನಿಮಿಷಕ್ಕೇ ಗಟ್ಟಿಯಾಗುವ ಮಂದ ಅಂಟು, ಅದು ಮಣ್ಣಿನ ರಂಧ್ರದೊಳಗೆ ಇಳಿಯುವುದೇ ಇಲ್ಲ. ನೀರಿನಷ್ಟು ತೆಳುವಾದ, ನಿಧಾನಕ್ಕೆ ಗಟ್ಟಿಯಾಗುವ ರಾಳ ಚಿಲ್ಲರೆ ಅಳತೆಯಲ್ಲಿ ಎಲ್ಲಿ ಸಿಗುತ್ತದೆ ಎಂದು ಬಲ್ಲವರು ತಿಳಿಸಿ. ಐದು ಲೀಟರಿನ ಕ್ಯಾನು ತಗೊಳ್ಳಿ ಅನ್ನುವ ಅಂಗಡಿಗಳ ವಿಳಾಸ ನನ್ನ ಹತ್ತಿರ ಬೇಕಾದಷ್ಟಿದೆ.