ಡಬ್ಬಿ ನೋಡಿ ಪೇಡೆ ಹೇಳುವವರಿಗೆ

‘ಜ್ಞಾನಮೀಮಾಂಸೆ ಅಂದ್ರ ಏನ್ರೀ? ಒಂದ ಮಾತಿನ್ಯಾಗ ಹೇಳ್ರಿ, ನವಲೂರು ಬಂದ್ರ ಇಳಿಯಾಂವ ನಾ.’

ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನಲ್ಲಿ ಪಕ್ಕದ ಸೀಟಿನವರು ಕೇಳಿದ್ದು. ತತ್ತ್ವಶಾಸ್ತ್ರ ಓದಿದೆ ಎಂದು ಬಾಯಿಬಿಟ್ಟ ತಪ್ಪಿಗೆ ಮದುವೆ ಪಂಕ್ತಿಯಲ್ಲೂ ಇದೇ ಕಾಟ. ನಾನು ಬಾಯಿ ತೆರೆಯುವ ಮೊದಲೇ ‘ಅಂದ್ರ ಯಾರಿಗೂ ಏನೂ ಗೊತ್ತಿಲ್ಲ ಅಂತೀರಿ, ಹೌದಲ್ರೀ?’ ಎಂದು ಅವರೇ ಮುಗಿಸುತ್ತಾರೆ. ನಾನು ಹಾಗೆ ಯಾವತ್ತೂ ಅಂದಿಲ್ಲ. ಗೊತ್ತಿರುವುದಕ್ಕೂ ಅಂದಾಜು ಸರಿಬಿದ್ದದ್ದಕ್ಕೂ ಏನು ವ್ಯತ್ಯಾಸ ಅಂತ ಕೇಳುವ ಶಾಸ್ತ್ರ ಅದು. ನವಲೂರು ಬಂತು, ಇಳೀರಿ.

ಇಳಿಯದವರಿಗೆ ನಮ್ಮ ಕಾಕಾನ ಕಥೆ. ದೀಪಾವಳಿ ಮರುದಿನ ಮನೆಗೆ ಬಂದವ, ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ ‘ಲೈನ್ ಬಜಾರದ ಪೇಡೆ’ ಅಂದ. ಖರೆ, ಧಾರವಾಡದ ಆ ಲೈನ್ ಬಜಾರದ್ದೇ. ಆದರೆ ಡಬ್ಬಿ ಹೋದ ವರ್ಷದ್ದು. ಮೂಲೆಯಲ್ಲಿ ತುಪ್ಪದ ಕಲೆ. ವರ್ಷವಿಡೀ ಅದರಲ್ಲಿ ಅವ್ವನ ಗುಂಡಿ, ಸೂಜಿ, ದಾರದ ಉಂಡೆ. ಹಾಳೆಯಲ್ಲಿ ಕಟ್ಟಿಸಿ ತಂದ ಪೇಡೆಯನ್ನು ಅವತ್ತು ಬೆಳಿಗ್ಗೆಯಷ್ಟೇ ಅದಕ್ಕೆ ಸುರಿದಿದ್ದಳು. ಹುಬ್ಬಳ್ಳಿಯ ಯಾವುದೋ ಬೇಕರಿಯದನ್ನು ಸುರಿದಿದ್ದರೂ ಕಾಕಾ ಅದನ್ನೇ ಅನ್ನುತ್ತಿದ್ದ.

ಹಾಗಾದರೆ ಅವನಿಗೆ ಗೊತ್ತಿತ್ತೋ? ನಂಬಿದ್ದ, ನಂಬಿದ್ದು ಖರೆ ಇತ್ತು, ನಂಬಲು ಕಾರಣವೂ ಇತ್ತು. ಈ ಮೂರು ಕೂಡಿದರೆ ಜ್ಞಾನ ಎಂಬ ಲೆಕ್ಕವನ್ನು ಅಮೆರಿಕದ ತತ್ತ್ವಜ್ಞಾನಿ ಎಡ್ಮಂಡ್ ಗೆಟಿಯರ್ 1963ರಲ್ಲಿ ಮೂರೇ ಪುಟದ ಲೇಖನ ಬರೆದು, ಮೂರೂ ಇದ್ದು ಬರೀ ಅದೃಷ್ಟದಿಂದ ಸರಿಬೀಳಬಹುದು ಎಂದು ತೋರಿಸಿ ಕೆಡಿಸಿಟ್ಟ. ನಮ್ಮವರೇನು ಸುಮ್ಮನಿದ್ದರೇ? ಮುಷ್ಟಿಯಲ್ಲಿ ಐದು ಕವಡೆ ಅಂತ ಬಾಯಿಗೆ ಬಂದದ್ದು ಹೇಳಿ ಸರಿಬಿದ್ದರೆ ಅದೂ ಜ್ಞಾನವೋ ಎಂದು 12ನೇ ಶತಮಾನದಲ್ಲೇ ತತ್ತ್ವಜ್ಞಾನಿ ಶ್ರೀಹರ್ಷ ಕೆಣಕಿದ್ದ.

ಇದನ್ನೆಲ್ಲ ಕಾಕಾನಿಗೆ ಹೇಳಿದೆ. ‘ಪೇಡೆ ಲೈನ್ ಬಜಾರದ್ದ ಹೌದಲ್ಲೋ ತಮ್ಮಾ? ಮತ್ತೇನ್ ನಿಂದು ತಕರಾರು?’ ಎಂದು ಎರಡು ಬಾಯಿಗೆ ಹಾಕಿಕೊಂಡ.

ನನ್ನನ್ನು ಕೇಳಬೇಕಾದ್ದು ಬೇರೆಯೇ ಇದೆ: ಇನ್ನೊಬ್ಬರು ಹೇಳಿದ್ದು ಯಾವಾಗ ನನ್ನ ಜ್ಞಾನ ಆಗುತ್ತದೆ? ತಿಳಿಯುವ ದಾರಿ ಅಂತ ಚಾರ್ವಾಕರು ಪ್ರತ್ಯಕ್ಷವೊಂದನ್ನೇ (ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು) ಒಪ್ಪಿದರು. ನೈಯಾಯಿಕರು, ಅಂದರೆ ನ್ಯಾಯದರ್ಶನದವರು, ಅದಕ್ಕೆ ಅನುಮಾನ (ನಮ್ಮ ಸಂಶಯ ಅಲ್ಲ, ಹೊಗೆ ಕಂಡು ಬೆಂಕಿ ಇದೆ ಅನ್ನುವುದು), ಉಪಮಾನ (ಹೋಲಿಕೆಯಿಂದ ತಿಳಿಯುವುದು), ಶಬ್ದ ಸೇರಿಸಿ ನಾಲ್ಕು ಮಾಡಿದರು. ಶಬ್ದ ಅಂದರೆ ಆಪ್ತನ ಮಾತು: ಬಲ್ಲವ, ಬಲ್ಲದ್ದನ್ನು ಇದ್ದ ಹಾಗೆ ಹೇಳುವವ. ಅಂಥವ ಋಷಿಯಾದರೂ ಸರಿ, ಮ್ಲೇಚ್ಛನಾದರೂ ಸರಿ ಎಂದ ನ್ಯಾಯಭಾಷ್ಯದ ವಾತ್ಸ್ಯಾಯನ. (ಕಾಮಸೂತ್ರದ ವಾತ್ಸ್ಯಾಯನ ಬೇರೆ, ನಗಬೇಡಿ.) ನಾನು ಹುಟ್ಟಿದ ದಿನ ನನಗೆ ಗೊತ್ತಿರುವುದು ಅವ್ವ ಹೇಳಿ. ಅಲ್ಲಿ ಖುದ್ದು ಹಾಜರಿದ್ದೆ, ಆದರೂ ಪ್ರತ್ಯಕ್ಷ ಉಪಯೋಗಕ್ಕೆ ಬರಲಿಲ್ಲ.

ಪೇಡೆ ಲೈನ್ ಬಜಾರದ್ದು ಅಂತ ನನಗೆ ಹೇಳಿದವಳೂ ಅವ್ವನೇ. ನಾನೇನು ಅಂಗಡಿಗೆ ಹೋಗಿ ಕೇಳಿಲ್ಲ.