ಹಂದಿಗೋಡು ಕಾಯಿಲೆಯ ವರದಿಗಳ ದಾಖಲೆ: ಇಲ್ಲಿಯವರೆಗಿನ ಕೆಲಸ

ಜೂನ್

ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದ ಹೆಸರಿನಿಂದಲೇ ಗುರುತಿಸಲಾಗುವ ಕೀಲು ಕಾಯಿಲೆಯ ಬಗ್ಗೆ 1970ರ ದಶಕದ ನಡುವಿನಿಂದ ಕನ್ನಡದಲ್ಲಿ ಬಂದ ಪತ್ರಿಕಾ ವರದಿಗಳನ್ನು ಒಂದೆಡೆ ಸೇರಿಸುತ್ತಿದ್ದೇನೆ. ಪ್ರತಿಯೊಂದು ವರದಿಯಲ್ಲೂ ಮಾಹಿತಿ ಕೊಟ್ಟವರು ಯಾರು ಎಂಬುದನ್ನು ಗುರುತಿಸುವುದು ಈ ಹವ್ಯಾಸದ ಉದ್ದೇಶ. ಪರಿಚಿತರ ಮನೆಯ ಅಟ್ಟಗಳಿಂದ ಬಂದ ಹಳೆಯ ಕತ್ತರಿಕೆಗಳನ್ನು ಮಳೆಗಾಲದ ತೇವಕ್ಕೆ ಬಿಡುವಂತಿಲ್ಲವಾದ್ದರಿಂದ, ಮೊದಲು ಎಲ್ಲವನ್ನೂ ಮೊಬೈಲಿನಲ್ಲಿ ಚಿತ್ರ ತೆಗೆದು ಆಮೇಲೆ ಓದುತ್ತಿದ್ದೇನೆ. ದಿನಾಂಕ, ವರದಿಗೆ ಒದಗಿದ ಸಂದರ್ಭ, ಹೇಳಿಕೆ ಕೊಟ್ಟವರು, ಹೇಳಲಾದ ಕಾರಣ, ರೋಗಿಗಳ ಸಂಖ್ಯೆ ಮತ್ತು ರೋಗಿಯ ಸ್ವಂತ ಮಾತು ಇದೆಯೇ ಎಂಬ ಅಂಕಣಗಳಿರುವ ಒಂದು ಪಟ್ಟಿ ಸಿದ್ಧವಾಗಿದೆ.

ಸಂದರ್ಭದ ಅಂಕಣವನ್ನು ಸುಮ್ಮನೆ ಸೇರಿಸಿದ್ದೆ. ಈಗ ಅದೇ ಎಲ್ಲಕ್ಕಿಂತ ಹೆಚ್ಚು ಮಾತನಾಡುತ್ತಿದೆ. ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆಗೆ ಒಂದು ಋತುವಿದೆ: ಬೇಸಿಗೆಯಲ್ಲಿ ಕಾಡಿನಲ್ಲಿ ಮಂಗ ಸತ್ತು ಬಿದ್ದರೆ, ಉಣುಗು ಕಚ್ಚಿದವನಿಗೆ ಜ್ವರ ಬಂದರೆ, ರಕ್ತದ ಮಾದರಿಯ ಫಲಿತಾಂಶ ಹೊರಬಿದ್ದರೆ ಸುದ್ದಿ ತಾನಾಗಿ ಹುಟ್ಟುತ್ತದೆ. ಹಂದಿಗೋಡು ಕಾಯಿಲೆ ಹಾಗಲ್ಲ. ಸೊಂಟದ ಕೀಲು ಮತ್ತು ಬೆನ್ನುಮೂಳೆ ವರ್ಷಗಳುದ್ದಕ್ಕೂ ಸವೆಯುತ್ತವೆ, ನಡಿಗೆ ನಿಧಾನವಾಗಿ ಕಷ್ಟವಾಗುತ್ತದೆ, ಕೆಲವರಲ್ಲಿ ದೇಹದ ಎತ್ತರವೇ ಕುಂಠಿತವಾಗುತ್ತದೆ. ಆದರೆ ಇದರಲ್ಲಿ ‘ನಿನ್ನೆ ನಡೆದದ್ದು’ ಎಂದು ಬರೆಯಲು ಒಂದು ದಿನ ಸಿಗುವುದಿಲ್ಲ. ಆದ್ದರಿಂದ ವೈದ್ಯರ ತಂಡ ಬಂದಾಗ, ಜನಪ್ರತಿನಿಧಿ ಭೇಟಿ ಕೊಟ್ಟಾಗ, ಮಾಸಾಶನ ತಡವಾದಾಗ ಮಾತ್ರ ವರದಿಗಾರ ಆ ಕೇರಿಗೆ ಹೋಗಿದ್ದಾನೆ. ನನ್ನ ಕೈಗೆ ಬಂದ ಬಹುಪಾಲು ವರದಿಗಳ ಮೊದಲ ವಾಕ್ಯದ ಕರ್ತೃ ರೋಗಿಯಲ್ಲ, ಭೇಟಿಗೆ ಬಂದವರು.

ಆಗಸ್ಟ್

ಈ ತಿಂಗಳೆಲ್ಲ ಏಡಿಯ ಹಿಂದೆ ಹೋಯಿತು. ಗದ್ದೆಗೆ ಹೊಡೆದ ಕೀಟನಾಶಕ ಏಡಿಯ ದೇಹಕ್ಕೆ ಸೇರಿ, ಆ ಏಡಿಯನ್ನು ತಿಂದ ಕೂಲಿ ಕುಟುಂಬಗಳಿಗೆ ಕಾಯಿಲೆ ಬಂತು ಎಂಬ ಊಹೆ ಆರಂಭದ ವರ್ಷಗಳಲ್ಲಿ ಬಲವಾಗಿತ್ತು, ಮತ್ತು ಅಂದಿನ ವರದಿಗಾರ ಅದನ್ನು ನಂಬಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಬಳಲಿದವರು ಗದ್ದೆಯ ಕೂಲಿಯವರು, ಏಡಿ ಅವರ ಊಟದಲ್ಲಿತ್ತು, ಹೊಸ ಕೀಟನಾಶಕಗಳು ಆಗಷ್ಟೇ ಮಲೆನಾಡಿಗೆ ಬಂದಿದ್ದವು. ಕಾರಣ, ಬಲಿಪಶು, ಅಪರಾಧಿ ಎಲ್ಲವೂ ಒಂದೇ ಗದ್ದೆಯಲ್ಲಿ ಸಿಕ್ಕಂತಾಯಿತು. ಆದರೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ತಜ್ಞರು 1977ರಲ್ಲಿ ಪ್ರಕಟಿಸಿದ ಅಧ್ಯಯನದ ಶೀರ್ಷಿಕೆಯಲ್ಲಿಯೇ ಇದು ಮಲೆನಾಡಿನ ಕೌಟುಂಬಿಕ ಸಂಧಿವಾತ ಎಂಬ ಸೂಚನೆಯಿತ್ತು. ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತನಿಖೆ ಹಾಗೂ 1990ರ ದಶಕದಲ್ಲಿ ಪ್ರಕಟವಾದ ಎಕ್ಸ್‌ರೇ ಅಧ್ಯಯನಗಳು ಇದನ್ನು ಮೂಳೆಯ ಬೆಳವಣಿಗೆಯ ಆನುವಂಶಿಕ ದೋಷವೆಂದು ವಿವರಿಸಿದವು. ಇಷ್ಟಾದ ಮೇಲೂ ಏಡಿ ಪತ್ರಿಕೆಗಳಿಂದ ಹೊರಗೆ ಹೋಗಲಿಲ್ಲ.

ಹೀಗೇಕೆ ಎಂದು ಆ ಕಾಲದಲ್ಲಿ ತಾಲ್ಲೂಕಿನ ಅರೆಕಾಲಿಕ ಬಾತ್ಮೀದಾರರಾಗಿದ್ದ ಹಿರಿಯರೊಬ್ಬರನ್ನು ಕೇಳಿದೆ. ಸುದ್ದಿಯನ್ನು ಲಕೋಟೆಗೆ ಹಾಕಿ ಸಂಜೆಯ ಬಸ್ಸಿನ ಕಂಡಕ್ಟರ್ ಕೈಗೆ ಕೊಡಬೇಕಿತ್ತು, ಸಂಭಾವನೆ ಅಚ್ಚಾದ ಸಾಲುಗಳ ಉದ್ದಕ್ಕೆ ಸಿಗುತ್ತಿತ್ತು, ಸಂಶೋಧನಾ ಪ್ರಬಂಧ ತಾಲ್ಲೂಕು ಕೇಂದ್ರಕ್ಕೆ ಬರುವ ದಾರಿಯೇ ಇರಲಿಲ್ಲ ಎಂದರು. ಕಾಯಿಲೆಯ ಹಿನ್ನೆಲೆ ಬರೆಯಬೇಕಾದಾಗ ಅವರ ಮುಂದಿದ್ದ ಏಕೈಕ ಗ್ರಂಥಾಲಯವೆಂದರೆ ತಮ್ಮದೇ ಹಳೆಯ ವರದಿ. ಅದನ್ನೇ ಇನ್ನೊಬ್ಬರು ನೋಡಿ ಬರೆದರು, ಅವರದನ್ನು ಮತ್ತೊಬ್ಬರು. ವೈದ್ಯರು ಒಮ್ಮೆ ‘ಇರಬಹುದು’ ಎಂದದ್ದು ಮೂರನೆಯ ವರದಿಯ ಹೊತ್ತಿಗೆ ‘ಎಂದು ತಜ್ಞರು ಹೇಳಿದ್ದಾರೆ’ ಎಂದಾಗಿರುವುದು ಕತ್ತರಿಕೆಗಳನ್ನು ಸಾಲಾಗಿ ಇಟ್ಟರೆ ಕಾಣುತ್ತದೆ. ಅಂದಿನವರ ಕಷ್ಟ ನನಗೆ ಅರ್ಥವಾಗುತ್ತದೆ; ಪ್ರಬಂಧದ ಸಾರಾಂಶ ಅಂಗೈಯಲ್ಲೇ ಉಚಿತವಾಗಿ ಸಿಗುವ ಈ ಕಾಲದಲ್ಲೂ ಕಾರಣವೇ ತಿಳಿಯದ ಕಾಯಿಲೆ ಎಂದು ಬರೆಯುವವರ ವಿಷಯದಲ್ಲಿ ಅಷ್ಟು ಉದಾರವಾಗಲಾರೆ.

ಇದಾದ ಮೇಲೆ ಪಟ್ಟಿಗೆ ಇನ್ನೊಂದು ಅಂಕಣ ಸೇರಿತು: ಆ ಹೇಳಿಕೆಯನ್ನು ಮೊದಲು ಮಾಡಿದವರು ಯಾರು, ಯಾವ ವರ್ಷ.

ನವೆಂಬರ್

ಆನುವಂಶಿಕತೆಯ ವರದಿಗಳನ್ನು ಓದುವಾಗ ಬೇರೊಂದು ತೊಡಕು ಎದುರಾಯಿತು. ಹಲವು ವರದಿಗಳು ರಕ್ತಸಂಬಂಧದ ಮದುವೆಯೇ ಕಾರಣವೆಂದು ಸೂಚಿಸುತ್ತವೆ. ಅಧ್ಯಯನಗಳ ಪ್ರಕಾರ ಈ ದೋಷ ಪ್ರಬಲ ವಂಶವಾಹಿಯ ರೀತಿಯಲ್ಲಿ ಹರಿಯುತ್ತದೆ. ಅಂದರೆ ತಂದೆ ಅಥವಾ ತಾಯಿ, ಇಬ್ಬರಲ್ಲಿ ಒಬ್ಬರಿಗೆ ಇದ್ದರೂ ಪ್ರತಿ ಮಗುವಿಗೂ ಬರುವ ಸಾಧ್ಯತೆ ಶೇಕಡ 50. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗದಿದ್ದರೂ ಲೆಕ್ಕ ಹೀಗೆಯೇ ಇರುತ್ತದೆ. ಈ ಒಂದು ವಾಕ್ಯ ವರದಿಯಲ್ಲಿ ಇಲ್ಲದಿದ್ದರೆ, ಕಾಯಿಲೆಯ ಜೊತೆಗೆ ತಪ್ಪಿನ ಹೊರೆಯೂ ಅದೇ ಕುಟುಂಬಗಳ ಹೆಗಲಿಗೆ ಬೀಳುತ್ತದೆ.

ಚಲವಾದಿ ಮತ್ತು ಚೆನ್ನಂಗಿ ಸಮುದಾಯಗಳ ಕೆಲವು ಕುಟುಂಬಗಳಲ್ಲಿ ಕಾಯಿಲೆ ಕಾಣಿಸಿದೆ ಎಂಬುದು ಸಂಶೋಧನೆಗೆ ಅಗತ್ಯವಾದ ವಿವರ. ದಿನಪತ್ರಿಕೆಯಲ್ಲಿ ಅದೇ ವಿವರ ಊರಿನ ಹೆಸರು, ಮನೆಯ ಮುಂದಿನ ಚಿತ್ರ ಮತ್ತು ರೋಗಿಯ ವಯಸ್ಸಿನೊಂದಿಗೆ ಸೇರಿದಾಗ, ಹೆಸರು ಮರೆಮಾಡಿದರೂ ಆ ಮನೆ ಯಾವುದೆಂದು ಸುತ್ತಲಿನ ಹತ್ತು ಹಳ್ಳಿಗೂ ತಿಳಿಯುತ್ತದೆ. ಆ ಮನೆಯ ಆರೋಗ್ಯವಂತ ಮಗಳಿಗೂ ಸಂಬಂಧ ಕೂಡಿಬರುವುದು ಕಷ್ಟವಾಗುತ್ತದೆ. ನನ್ನ ಪಟ್ಟಿಯಲ್ಲಿ ರೋಗಿಗಳ ಹೆಸರು ಮತ್ತು ಮುಖದ ಚಿತ್ರ ಇರುವುದಿಲ್ಲವೆಂದು ತೀರ್ಮಾನಿಸಿ, ಈಗಾಗಲೇ ತೆಗೆದ ಚಿತ್ರಗಳಲ್ಲಿ ಆ ಭಾಗಗಳನ್ನು ಮುಚ್ಚುತ್ತಿದ್ದೇನೆ. ಇದಕ್ಕೆ ಸಮಯ ಹಿಡಿಯುತ್ತದೆ.

ಸಂಖ್ಯೆಯ ಅಂಕಣ ಇನ್ನೂ ಗೊಂದಲದಲ್ಲಿಯೇ ಇದೆ. ಒಂದು ವರದಿ ಗ್ರಾಮವನ್ನಷ್ಟೇ ಎಣಿಸಿದರೆ ಇನ್ನೊಂದು ಚಿಕ್ಕಮಗಳೂರು ಜಿಲ್ಲೆಯ ರೋಗಿಗಳನ್ನೂ ಸೇರಿಸುತ್ತದೆ. ವೈದ್ಯರು ಎಣಿಸಿದ್ದು ಎಕ್ಸ್‌ರೇ ನೋಡಿ, ಕಂದಾಯ ಇಲಾಖೆ ಎಣಿಸುವುದು ಮಾಸಾಶನದ ಕಡತ ನೋಡಿ. ಆದ್ದರಿಂದ ಯಾವ ಸಂಖ್ಯೆಯನ್ನೂ ಕೂಡಿ ಕಳೆಯದೆ, ಎಣಿಸಿದವರ ಹೆಸರಿನ ಜೊತೆಗೇ ಇಡುತ್ತಿದ್ದೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಕುಬ್ಜತೆಯೂ ಸೇರಿದೆಯಾದ್ದರಿಂದ, ಆ ಕಾಯ್ದೆಯಡಿ ಈ ಕಾಯಿಲೆಯ ಎಷ್ಟು ಮಂದಿಗೆ ಪ್ರಮಾಣಪತ್ರ ಸಿಕ್ಕಿದೆ ಎಂದು ಹೆಸರುಗಳಿಲ್ಲದ ಒಟ್ಟು ಅಂಕಿ ಕೇಳಿ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿಯ ಕರಡು ಬರೆದಿದ್ದೇನೆ. ಅರ್ಜಿ ಈ ವಾರ ಹೋಗುತ್ತದೆ. ಉತ್ತರಕ್ಕೆ ಕಾಯ್ದೆ ಕೊಡುವ ಅವಧಿ 30 ದಿನ. ಅಷ್ಟರೊಳಗೆ 1980ರ ದಶಕದ ಕತ್ತರಿಕೆಗಳ ಮುಚ್ಚುವ ಕೆಲಸ ಮುಗಿಯಬೇಕು.